ಮಕ್ಕಳ ಪರವಾಗಿ ಒಪ್ಪಿಕೊಳ್ಳುವವರು

ಮಗುವಿಗೆ ಅಂಗಿ ಹೊಲಿಸಲು ಹೋದ ತಂದೆ ದರ್ಜಿಗೆ ತನ್ನ ಮೈಯ ಅಳತೆ ಕೊಟ್ಟು ಬರುವುದಿಲ್ಲ. ಇಷ್ಟು ವಿವೇಕ ನಮಗೆಲ್ಲರಿಗೂ ಉಂಟು. ಆದರೆ ಅದೇ ಮಗುವಿಗೆ ಅಂತರಜಾಲದ ಮೂಲಕ ಏನಾದರೂ ಕಲಿಸಬೇಕೆಂದು, ಹರೆಯದ ಹತ್ತು ಜನರನ್ನು ಒಂದು ಕಡೆ ಕೂಡಿಸಬೇಕೆಂದು ಹೊರಟಾಗ ಈ ವಿವೇಕ ಎಲ್ಲಿಯೋ ಮರೆಯಾಗಿಬಿಡುತ್ತದೆ. ಆಗ ನಾವು ಆರಿಸುವ ಸಾಧನ ನಮ್ಮ ಕೈಗೆ ಹತ್ತಿರವಾದದ್ದು, ನಮಗೆ ರೂಢಿಯಾದದ್ದು, ದುಡ್ಡು ಬೇಡದ್ದು. “ಎಲ್ಲರ ಹತ್ತಿರವೂ ವಾಟ್ಸಾಪ್ ಇದೆಯಲ್ಲ, ಅದರಲ್ಲೇ ಒಂದು ಗುಂಪು ಮಾಡಿಬಿಡೋಣ” ಎಂಬ ಒಂದು ಮಾತಿನಿಂದ ಚರ್ಚೆ ಮುಗಿಯುತ್ತದೆ. ಶಾಲೆಯ ಉಪಾಧ್ಯಾಯರು, ವಾಚನಾಲಯ ನಡೆಸುವವರು, ನಾಟಕ ಕಲಿಸುವವರು, ಎಲ್ಲರದೂ ಇದೇ ಮಾತು. ಇದರಲ್ಲಿ ನೀತಿಯ ಪ್ರಶ್ನೆಯೊಂದು ಇದೆಯೆಂದು ಯಾರಿಗೂ ತೋರುವುದಿಲ್ಲ. ಬೆಂಚು ಕುರ್ಚಿ ತರಿಸುವಂತಹ ಏರ್ಪಾಟಿನ ವಿಷಯವೆಂದೇ ಎಲ್ಲರ ಎಣಿಕೆ.

ಆದರೆ ಬೆಂಚು, ತನ್ನ ಮೇಲೆ ಕುಳಿತವನು ಯಾರು, ಎಷ್ಟು ಹೊತ್ತು ಕುಳಿತ, ಯಾರ ಕಡೆಗೆ ಎಷ್ಟು ಸಲ ತಿರುಗಿದ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳುವುದಿಲ್ಲ.

ಇದು ಬರಿಯ ಚಮತ್ಕಾರದ ಮಾತಲ್ಲ. ಅಮೆರಿಕದಲ್ಲಿ ಎಡ್ಮೊಡೊ ಎಂಬ ಸಾಧನವೊಂದಿತ್ತು. ಪಾಠ ಹಂಚಲು, ಹೋಮ್‌ವರ್ಕ್ ಒಪ್ಪಿಸಿಕೊಳ್ಳಲು ಶಾಲೆಗಳು ಅದನ್ನು ಬಳಸುತ್ತಿದ್ದವು. 2022ರಲ್ಲಿ ಅದು ಮುಚ್ಚಿತು. 2023ರ ಮೇ ತಿಂಗಳಲ್ಲಿ ಆ ದೇಶದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಹೊರಿಸಿದ ಆಪಾದನೆಗಳಲ್ಲಿ ಎರಡನ್ನು ನೋಡಬೇಕು. ತಂದೆತಾಯಿಗಳ ಸಮ್ಮತಿಯಿಲ್ಲದೆ ಮಕ್ಕಳ ವಿವರ ಕೂಡಿಹಾಕಿ ಜಾಹೀರಾತಿಗೆ ಬಳಸಿತೆಂಬುದು ಒಂದು. ಆ ಸಮ್ಮತಿ ಪಡೆಯುವ ಹೊಣೆಯನ್ನು ಶಾಲೆಗಳ ತಲೆಗೆ ಕಟ್ಟಿತೆಂಬುದು ಇನ್ನೊಂದು. 60 ಲಕ್ಷ ಡಾಲರು ದಂಡವೆಂದು ಗೊತ್ತಾಯಿತು. ಕಟ್ಟುವ ಶಕ್ತಿ ಕಂಪನಿಗಿಲ್ಲವೆಂದು ವಸೂಲಿಯನ್ನು ತಡೆಹಿಡಿದರು. ಮೊದಲನೆಯ ಆಪಾದನೆ ವ್ಯಾಪಾರಿಯ ಲೋಭದ್ದು. ಅದು ಲೋಕಕ್ಕೆ ಹೊಸತಲ್ಲ. ನಮ್ಮನ್ನು ತಟ್ಟಬೇಕಾದದ್ದು ಎರಡನೆಯದು. ಆ ಉಪಾಧ್ಯಾಯರಲ್ಲಿ ಮಕ್ಕಳಿಗೆ ಕೇಡು ಬಯಸಿದವರು ಯಾರೂ ಇರಲಾರರು. ಪಾಠದ ಅನುಕೂಲಕ್ಕೆಂದು ಅವರು ‘ಒಪ್ಪಿಗೆ’ ಎಂಬ ಗುಂಡಿ ಒತ್ತಿದರು. ತಾವು ಯಾರ ಪರವಾಗಿ, ಯಾವುದಕ್ಕೆ ಒಪ್ಪಿದೆವೆಂಬುದು ಅವರಿಗೆ ತಿಳಿಯಲಿಲ್ಲ.

ಒಂದು ಕಂಪನಿಯ ದೋಷವೆಂದು ತಳ್ಳಿಹಾಕುವಂತೆಯೂ ಇಲ್ಲ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಮೆಚ್ಚಿ ಮುಂದಿಟ್ಟಿದ್ದ ಕಲಿಕೆಯ ಸಾಧನಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರೀಕ್ಷಿಸಿ 2022ರಲ್ಲಿ ವರದಿ ಕೊಟ್ಟಿತು. ನೂರಕ್ಕೆ 89ರಷ್ಟು ಸಾಧನಗಳು ಮಕ್ಕಳ ಹಕ್ಕಿಗೆ ಧಕ್ಕೆ ತರುವ ಅಥವಾ ತರಬಹುದಾದ ರೀತಿಯಲ್ಲಿ ಅವರ ವಿವರ ಸಂಗ್ರಹಿಸುತ್ತಿದ್ದವಂತೆ. ನಮ್ಮ ದೀಕ್ಷಾ ಕೂಡ ಮಗು ಇರುವ ಜಾಗವನ್ನು ಗುರುತಿಸಿಕೊಳ್ಳಬಲ್ಲದೆಂದು ಅದರಲ್ಲಿ ಹೇಳಿತ್ತು.

ಇಷ್ಟೆಲ್ಲ ಕೇಳಿದವರು, “ಹಾಗಾದರೆ ಈ ಯಂತ್ರಗಳ ಸಹವಾಸವೇ ಬೇಡ” ಎನ್ನುವುದು ಸಹಜ. ನಮ್ಮ ರಾಜ್ಯ ಆ ದಾರಿಯನ್ನೂ ಹಿಡಿದು ನೋಡಿತು. 2020ರ ಜೂನ್‌ನಲ್ಲಿ ಸರ್ಕಾರ ಐದನೆಯ ತರಗತಿಯವರೆಗಿನ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಜುಲೈ 8ರಂದು ಉಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ನಿಷೇಧದಲ್ಲಿ ಮಕ್ಕಳ ಕಣ್ಣು, ಮನಸ್ಸುಗಳ ಕಾಳಜಿ ಇತ್ತು, ನಿಜ. ಆದರೆ ಕಾಳಜಿಯಿಂದ ಬಾಗಿಲು ಮುಚ್ಚುವವನು ಒಳಗಿರುವವರಿಗೆ ಊಟ ಎಲ್ಲಿಂದ ಬರುತ್ತದೆಂಬುದನ್ನೂ ನೋಡಬೇಕಲ್ಲವೆ? ಅದೇ ವರ್ಷದ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಹೆಚ್ಚು ವಿವೇಕದಿಂದ ಹೊರಟಿತೆಂದು ನನ್ನ ಅಭಿಪ್ರಾಯ. ಯಾವ ಮಗುವಿನ ಮನೆಯಲ್ಲಿ ಸ್ಮಾರ್ಟ್‌ಫೋನ್ ಉಂಟು, ಯಾರ ಮನೆಯಲ್ಲಿ ಬರಿಯ ಮಾತಿನ ಫೋನು, ಯಾರ ಮನೆಯಲ್ಲಿ ಏನೂ ಇಲ್ಲ ಎಂಬುದನ್ನು ಅದು ಮೊದಲು ವಿಚಾರಿಸಿತು; ಉಪಾಧ್ಯಾಯರು ಕೇರಿಗೇ ಹೋಗಿ ಜಗಲಿಯಲ್ಲೋ ಮರದ ನೆರಳಲ್ಲೋ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಫಲ ಏನೇ ಇರಲಿ, ಅಲ್ಲಿ ಮಗುವಿನ ಅಳತೆ ಮೊದಲು, ಸಾಧನ ಆಮೇಲೆ.

ಅಳತೆಯೆಂದರೆ ಫೋನು ಇದೆಯೋ ಇಲ್ಲವೋ ಎಂಬುದಷ್ಟೇ ಅಲ್ಲ. ನಗರದ ಬಡಾವಣೆಯೊಂದರಲ್ಲಿ ಹದಿನೈದು ಹದಿನಾರರ ಹುಡುಗ ಹುಡುಗಿಯರ ಓದುವ ಕೂಟವೊಂದು ಇದೆಯೆಂದಿಟ್ಟುಕೊಳ್ಳಿ. ನಡೆಸುವವರು ವಾಟ್ಸಾಪ್ ಗುಂಪು ಕಟ್ಟುತ್ತಾರೆ. ಆ ಗಳಿಗೆಯಿಂದ ಹುಡುಗಿಯ ಫೋನ್ ನಂಬರು ಸಾಮಾನ್ಯವಾಗಿ ಗುಂಪಿನ ನಲವತ್ತು ಜನರ ಕೈಯಲ್ಲಿರುತ್ತದೆ. ಅವರಲ್ಲಿ ಮೂವತ್ತು ಮಂದಿಯನ್ನು ಆಕೆ ನೋಡಿಯೂ ಇಲ್ಲ. ಬೀದಿಯಲ್ಲಿ ನಿಂತು ನಂಬರು ಕೇಳಿದವನಿಗೆ ಆಕೆ ಕೊಡುತ್ತಿರಲಿಲ್ಲ; ಇಲ್ಲಿ ಹಿರಿಯರೇ ಆಕೆಯ ಪರವಾಗಿ ಕೊಟ್ಟುಬಿಟ್ಟರು. ರಾತ್ರಿ ಹನ್ನೊಂದಕ್ಕೆ ಯಾರೋ ಬೇರೆಯಾಗಿ “ಇನ್ನೂ ಮಲಗಿಲ್ಲವೆ?” ಎಂದು ಬರೆಯುತ್ತಾರೆ. ಬರೆದವರು ಕೂಟದ ಹಿರಿಯರೇ ಆಗಿದ್ದರೆ ಧರ್ಮಸೂಕ್ಷ್ಮ ಇನ್ನೂ ಕಠಿಣ. ಉತ್ತರಿಸದಿದ್ದರೆ ಅವಿನಯ, ಉತ್ತರಿಸಿದರೆ ಅಭ್ಯಾಸ. ಮಕ್ಕಳೊಡನೆ ಹಿರಿಯರ ಮಾತುಕತೆ ಇಬ್ಬರು ಹಿರಿಯರಾದರೂ ಕಾಣುವಂತಿರಬೇಕು, ಒಬ್ಬರಿಗೊಬ್ಬರ ಗುಟ್ಟಿನ ಓಲೆ ಕೂಡದು ಎಂಬ ಕಟ್ಟಳೆ ಅನೇಕ ಯುವಜನ ಸಂಸ್ಥೆಗಳಲ್ಲಿ ಉಂಟು. ಸದಸ್ಯರ ನಂಬರು ತೋರಿಸದ, ರಾತ್ರಿ ಮುಚ್ಚಿಡಬಹುದಾದ, ಒಬ್ಬೊಬ್ಬರಿಗೆ ಬೇರೆಯಾಗಿ ಬರೆಯುವ ದಾರಿಯಿಲ್ಲದ ಸಾಧನವನ್ನು ಹುಡುಕಿದರೆ ಸಿಗುತ್ತದೆ. ಆದರೆ ಹುಡುಕುವ ಶ್ರಮ ನಮ್ಮದು, ಹುಡುಕದ್ದರ ಫಲ ಅವಳದು. ಆದ್ದರಿಂದಲೇ ಆ ಶ್ರಮವನ್ನು ನಾವು ತಪ್ಪಿಸಿಕೊಳ್ಳುವುದು ಇಷ್ಟು ಸುಲಭ.

ಹಳ್ಳಿಯ ಕಡೆ ಕಷ್ಟ ಬೇರೆ ಬಗೆಯದು. 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನವರಲ್ಲಿ, ಸ್ಮಾರ್ಟ್‌ಫೋನ್ ಬಳಸಬಲ್ಲವರ ಪೈಕಿ ಸ್ವಂತ ಫೋನು ಇದ್ದ ಹುಡುಗರು ನೂರಕ್ಕೆ 36, ಹುಡುಗಿಯರು 27. ಉಳಿದವರದು ಅಪ್ಪನ ಫೋನು, ಅಣ್ಣನ ಫೋನು. “ಮನಸ್ಸಿನಲ್ಲಿರುವುದನ್ನು ಧೈರ್ಯವಾಗಿ ಬರೆ, ನಾವಿದ್ದೇವೆ” ಎಂದು ಸಮಾಲೋಚಕಿಯೊಬ್ಬಳು ಸದುದ್ದೇಶದಿಂದ ಕಳಿಸಿದ ಸಂದೇಶವನ್ನು ಮೊದಲು ಓದುವವನು, ಯಾರ ಭಯದಿಂದ ಹುಡುಗಿ ಬಾಯಿ ಬಿಡಲಾರಳೋ ಅವನೇ ಆಗಿರಬಹುದು.

ಕಾನೂನು ಏನು ಹೇಳುತ್ತದೆಂದು ಕೇಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ. ಕೆಲವು ವಿನಾಯಿತಿಗಳೊಡನೆ, ಅವರ ವಿವರ ಬಳಸಲು ತಂದೆತಾಯಿಗಳ ಸಮ್ಮತಿ ಬೇಕೆಂದೂ ಅವರನ್ನು ಗುರಿಯಾಗಿಸಿ ಜಾಹೀರಾತು ಕೂಡದೆಂದೂ ವಿಧಿಸುತ್ತದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಟವು. ಒಳ್ಳೆಯದೇ. ಆದರೆ ಸಮ್ಮತಿಪತ್ರಕ್ಕೆ ಸಹಿ ಮಾಡುವ ತಂದೆಯ ಸ್ಥಿತಿ ಏನು? ಒಪ್ಪದಿದ್ದರೆ ಮಗನಿಗೆ ಪಾಠ ತಲುಪುವುದಿಲ್ಲ, ಮಗಳು ಕೂಟದಿಂದ ಹೊರಗೆ. ಬೇರೆ ದಾರಿಯಿಲ್ಲದವನ ‘ಹೂಂ’ ಸಮ್ಮತಿಯಲ್ಲ, ಶರಣಾಗತಿ. ಆ ಕಾಗದವನ್ನು ಕಡತದಲ್ಲಿಟ್ಟು ನಾವು ನಿಶ್ಚಿಂತರಾಗುವುದು ಎಡ್ಮೊಡೊ ಬಳಸಿದ ಶಾಲೆಗಳ ದಾರಿಯೇ. ಒಲ್ಲೆನೆಂದವನಿಗೂ ಕೂಟದಲ್ಲಿ ಜಾಗ ಉಳಿಯುವಂತೆ, ಒಂದು ಫೋನ್ ಕರೆಯೋ ಒಂದು ಚೀಟಿಯೋ ಏನಾದರೊಂದನ್ನು ಮೊದಲೇ ಏರ್ಪಡಿಸಿದ ಮೇಲೆ ಸಹಿ ಕೇಳಿದರೆ ಅದಕ್ಕೆ ಅರ್ಥವಿರುತ್ತದೆ.

ಇನ್ನು, ಆ ಹುಡುಗ ಹುಡುಗಿಯರನ್ನೇ ಕೇಳುವ ವಿಚಾರ. ಇದನ್ನು ಹೇಳಿದರೆ ಹಿರಿಯರು ನಗುತ್ತಾರೆ: “ಅವರನ್ನು ಕೇಳಿದರೆ ಇನ್‌ಸ್ಟಾಗ್ರಾಮ್ ಎನ್ನುತ್ತಾರೆ.” ಎನ್ನಲಿ. ಯಾಕೆ ಎಂದು ಮುಂದಿನ ಪ್ರಶ್ನೆ ಕೇಳಿದರೆ, ಯಾರು ಯಾರಿಗೆ ಕಾಣಿಸಬಾರದು, ಯಾವುದನ್ನು ಅಳಿಸಲು ಬರುವುದಿಲ್ಲ, ಯಾವ ಗುಂಪಿನಿಂದ ಹೊರಬಿದ್ದರೆ ಅವಮಾನ ಎಂಬುದೆಲ್ಲ ಹೊರಬರುತ್ತದೆ. ನಮಗಿಂತ ಅವರಿಗೆ ಅದು ಚೆನ್ನಾಗಿ ಗೊತ್ತು. ಅವರು ಹೇಳಿದ್ದನ್ನೇ ಆರಿಸಬೇಕೆಂದಿಲ್ಲ. ಆದರೆ ಕೂಟ ಮುಗಿದು ಎಲ್ಲರೂ ಚದರಿದ ಮೇಲೆ ಗುಂಪಿನಲ್ಲಿ ಉಳಿದ ಅವರ ಹದಿನಾರರ ಮಾತುಗಳನ್ನು ಯಾರು, ಯಾವ ದಿನ ಅಳಿಸುತ್ತಾರೆಂಬುದನ್ನಾದರೂ ಮೊದಲನೆಯ ಸಭೆಯಲ್ಲೇ ಅವರೆದುರು ಗೊತ್ತುಮಾಡಿಕೊಳ್ಳಬಹುದು.