ಒಳಗೂ ಹೊರಗೂ ಒಂದೇ ಆಗುವ ಹಾದಿ: ಕ್ರೈಸ್ತ ಬದುಕಿನಲ್ಲಿ ಸಂಯಮ

ಕೈಸರೈಯ ಪಟ್ಟಣದ ಸೆರೆಯಲ್ಲಿದ್ದ ಕ್ರಿಸ್ತನ ಅಪೊಸ್ತಲ ಪೌಲನನ್ನು ರೋಮನ್ ರಾಜ್ಯಪಾಲ ಫೇಲಿಕ್ಸ್ ಒಂದು ದಿನ ಕರೆಸಿಕೊಂಡ. ಪಕ್ಕದಲ್ಲಿ ಹೆಂಡತಿ ದ್ರೂಸಿಲ್ಲ ಇದ್ದಳು. ಅವಳು ಮೊದಲ ಗಂಡನನ್ನು ಬಿಟ್ಟು ಫೇಲಿಕ್ಸನನ್ನು ಮದುವೆಯಾದವಳೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಕ್ರಿಸ್ತನ ಮೇಲಣ ನಂಬಿಕೆಯ ವಿಚಾರ ಕೇಳಲು ಕೂತಿದ್ದ ಈ ದಂಪತಿಯ ಮುಂದೆ ಪೌಲ ನ್ಯಾಯ, ಸಂಯಮ, ಬರಲಿರುವ ತೀರ್ಪು ಎಂಬ ಮೂರು ಮಾತುಗಳನ್ನೆತ್ತಿದ. ಫೇಲಿಕ್ಸನಿಗೆ ಭಯ ಹತ್ತಿತು. ಈಗ ಹೋಗು, ಸಮಯ ಸಿಕ್ಕಾಗ ಕರೆಸುತ್ತೇನೆ ಎಂದು ಕಳಿಸಿಬಿಟ್ಟ. ಆಮೇಲೂ ಪದೇ ಪದೇ ಕರೆಸುತ್ತಿದ್ದ. ಈ ಕೈದಿಯಿಂದ ನಾಲ್ಕು ಕಾಸು ಗಿಟ್ಟೀತು ಎಂಬ ಆಸೆ ಅವನಿಗೆ. ಹೀಗೇ ಎರಡು ವರ್ಷ ಕಳೆಯಿತು. ಪೌಲ ಸೆರೆಯಲ್ಲೇ ಉಳಿದ, ಫೇಲಿಕ್ಸನ ಹುದ್ದೆಗೆ ಬೇರೊಬ್ಬ ಬಂದ.

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 24ನೇ ಅಧ್ಯಾಯದಲ್ಲಿ ಬರುವ ಈ ಪ್ರಸಂಗ, ಕ್ರೈಸ್ತ ಚಿಂತನೆ ಸಂಯಮವನ್ನೂ ಪ್ರಾಮಾಣಿಕತೆಯನ್ನೂ ಏಕೆ ಒಟ್ಟಿಗೇ ನೋಡುತ್ತದೆ ಎಂಬುದನ್ನು ತೋರಿಸುತ್ತದೆ. ಒಂದು ಪ್ರಾಂತವನ್ನೇ ಆಳುತ್ತಿದ್ದವನಿಗೆ ತನ್ನ ಹಣದಾಸೆಯನ್ನು ಆಳಲಾಗಲಿಲ್ಲ; ಆದ್ದರಿಂದಲೇ ಅವನಿಂದ ನ್ಯಾಯವೂ ಸಿಗಲಿಲ್ಲ. ತನ್ನ ಮೇಲೆ ಹಿಡಿತವಿಲ್ಲದವನ ನಡೆನುಡಿ ಒಂದಾಗಿರುವುದು ಸಾಧ್ಯವೇ ಇಲ್ಲ.

ಗ್ರೀಕ್ ತತ್ತ್ವಜ್ಞಾನಿಗಳಿಗೂ ಸಂಯಮ ದೊಡ್ಡ ಗುಣವಾಗಿತ್ತು. ವಿವೇಕ ಆಳಬೇಕು, ಆಸೆ ಅದರ ಮಾತು ಕೇಳಬೇಕು ಎಂದು ಅವರು ಹೇಳುತ್ತಿದ್ದರು. ಪೌಲ ಈ ಗುಣವನ್ನು ಒಪ್ಪಿಕೊಂಡ, ಆದರೆ ಅದರ ಮೂಲವನ್ನು ಬೇರೆ ಕಡೆ ಕಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಪವಿತ್ರಾತ್ಮನ ಫಲವೆಂದು ಒಂಬತ್ತು ಗುಣಗಳನ್ನು ಎಣಿಸುತ್ತಾನೆ. ಪ್ರೀತಿಯಿಂದ ಶುರುವಾಗುವ ಆ ಪಟ್ಟಿ ಸಂಯಮದಲ್ಲಿ ಮುಗಿಯುತ್ತದೆ. ದೇವರನ್ನೂ ನೆರೆಯವರನ್ನೂ ಪ್ರೀತಿಸುವ ಮನಸ್ಸಿಗೆ ಏನನ್ನು ಬಿಡಬೇಕೆಂಬುದು ಕ್ರಮೇಣ ತಿಳಿಯುತ್ತದೆ. ಫಲ ಬಿಡುವುದು ಕೃಪೆಯಿಂದ, ಕಳೆ ಕೀಳುವುದು ನಮ್ಮ ಕೈಯಿಂದ. ಓಟದ ಪಂದ್ಯಗಳಿಗೆ ಹೆಸರಾಗಿದ್ದ ಕೊರಿಂಥದ ಸಭೆಗೆ ಬರೆಯುವಾಗ ಇದೇ ಪೌಲ, ಪಂದ್ಯಕ್ಕೆ ಇಳಿಯುವವನು ಮಾಡುವಂಥ ಕಠಿಣ ಅಭ್ಯಾಸ ತನಗೂ ಬೇಕು ಎನ್ನುತ್ತಾನೆ.

ಅಭ್ಯಾಸವಷ್ಟೇ ಏಕೆ ಸಾಲದು? ಇದಕ್ಕೆ ಉತ್ತರ ಹುಡುಕಿದವರಲ್ಲಿ ಸಂತ ಅಗಸ್ಟೀನ್ ಮುಖ್ಯರು. 354ರಲ್ಲಿ ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ ಹುಟ್ಟಿದ ಅವರು ಇಟಲಿಯ ಮಿಲಾನಿನಲ್ಲಿ ಭಾಷಣಕಲೆಯ ಅಧ್ಯಾಪಕರಾಗಿದ್ದರು. 386ರ ಹೊತ್ತಿಗೆ ಕ್ರೈಸ್ತ ಬೋಧನೆ ಅವರ ಬುದ್ಧಿಗೆ ಒಪ್ಪಿಗೆಯಾಗಿತ್ತು. ಹಳೆಯ ಚಾಳಿ ಮಾತ್ರ ಬಿಡುತ್ತಿರಲಿಲ್ಲ. ತಮ್ಮ ಆತ್ಮಕಥನದಲ್ಲಿ ಅವರು ಎತ್ತುವ ಪ್ರಶ್ನೆ ಇಂದಿಗೂ ಹರಿತವಾಗಿದೆ. ಮನಸ್ಸು ಕೈಗೆ ಏಳು ಎಂದರೆ ಕೈ ತಕ್ಷಣ ಏಳುತ್ತದೆ. ಅದೇ ಮನಸ್ಸು ತನಗೆ ತಾನೇ ಆಜ್ಞೆ ಕೊಟ್ಟರೆ ಏಕೆ ನಡೆಯುವುದಿಲ್ಲ? ಇಚ್ಛೆಯೇ ಸೀಳಿಹೋಗಿರುವುದರಿಂದ ಎನ್ನುತ್ತಾರೆ ಅವರು. ಅರ್ಧ ಮನಸ್ಸು ಆಜ್ಞೆ ಕೊಡುತ್ತದೆ, ಇನ್ನರ್ಧ ತಡೆಯುತ್ತದೆ. ಸೀಳಿದ ಮನಸ್ಸು ತನ್ನನ್ನು ತಾನೇ ಹೊಲಿದುಕೊಳ್ಳಲಾರದು, ಕೃಪೆ ಬೇಕು ಎಂಬುದು ಅವರು ತಲುಪಿದ ನಿಲುವು. ಇದಕ್ಕೆ ವಿರುದ್ಧವಾಗಿ, ಮನುಷ್ಯ ತನ್ನ ಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲನೆಂದು ಪೆಲಾಗಿಯಸ್ ಎಂಬ ಬೋಧಕ ಕಲಿಸುತ್ತಿದ್ದ; ಆ ಬೋಧನೆಯನ್ನು 418ರ ಕಾರ್ಥೇಜ್ ಧರ್ಮಸಭೆ ತಳ್ಳಿಹಾಕಿತು.

ಅಗಸ್ಟೀನರ ಕಾಲದಲ್ಲೇ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು ಮನಸ್ಸನ್ನು ಹತ್ತಿರದಿಂದ ಗಮನಿಸುತ್ತಿದ್ದರು. ಅವರಲ್ಲೊಬ್ಬನಾದ ಇವಾಗ್ರಿಯಸ್ ಮನುಷ್ಯನನ್ನು ಕೆಡಿಸುವ ಎಂಟು ಆಲೋಚನೆಗಳನ್ನು ಗುರುತಿಸಿದ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಗರ್ವ. ನಮ್ಮ ಅರಿಷಡ್ವರ್ಗ ಬಲ್ಲವರಿಗೆ ಇವುಗಳಲ್ಲಿ ಹಲವು ಪರಿಚಿತವೇ. ಬೇಸರದ ಬಗ್ಗೆ ಅವನು ಬರೆದದ್ದು ವಿಶೇಷ. ನಡುಹಗಲಲ್ಲಿ ಸನ್ಯಾಸಿಗೆ ಹೊತ್ತೇ ಸರಿಯದು. ಕಿಟಕಿಯತ್ತ ಕಣ್ಣು ಓಡುತ್ತದೆ. ಸೂರ್ಯ ಎಷ್ಟು ಇಳಿದಿದ್ದಾನೆಂದು ಮತ್ತೆ ಮತ್ತೆ ನೋಡುತ್ತಾನೆ, ಯಾರಾದರೂ ಬರಬಾರದೇ ಎಂದು ಕಾಯುತ್ತಾನೆ. ಇದ್ದ ಜಾಗವೂ ಮಾಡುವ ಕೆಲಸವೂ ಬೇಡವೆನಿಸುತ್ತವೆ. ಕೆಲಸದ ನಡುವೆ ಗಳಿಗೆಗೊಮ್ಮೆ ಮೊಬೈಲ್ ತೆರೆಯುವ ನಮಗೆ ಈ ಸನ್ಯಾಸಿ ದೂರದವನಲ್ಲ. ಇಂಥ ಆಲೋಚನೆಗಳು ಬರುವುದು ನಮ್ಮ ಕೈಯಲ್ಲಿಲ್ಲ, ಅವು ಒಳಗೆ ತಳವೂರುತ್ತವೋ ಇಲ್ಲವೋ ಎಂಬುದು ನಮ್ಮ ಕೈಯಲ್ಲಿದೆ ಎಂದು ಇವಾಗ್ರಿಯಸ್ ಕಲಿಸಿದ.

13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ಇನ್ನೊಂದು ಸೂಕ್ಷ್ಮ ಭೇದವನ್ನು ವಿವರಿಸಿದರು. ಒಂದೇ ಕಚೇರಿಯ ಇಬ್ಬರು ಗುಮಾಸ್ತರನ್ನು ನೆನೆಯಿರಿ. ಇಬ್ಬರೂ ಮೇಜಿನ ಕೆಳಗಿನಿಂದ ಬಂದ ಲಕೋಟೆಯನ್ನು ಹಿಂದಿರುಗಿಸುತ್ತಾರೆ. ಒಬ್ಬನಿಗೆ ರಾತ್ರಿಯಿಡೀ ಅದೇ ಚಿಂತೆ: ಮಗಳ ಶಾಲೆಯ ಫೀಸಾದರೂ ಆಗುತ್ತಿತ್ತಲ್ಲ ಎಂದು. ಇನ್ನೊಬ್ಬ ಲಕೋಟೆ ಕೊಟ್ಟು ಬಂದು ನೆಮ್ಮದಿಯಾಗಿ ಊಟ ಮಾಡಿ ಮಲಗುತ್ತಾನೆ. ಮೊದಲನೆಯವನು ಆಸೆಯನ್ನು ತಡೆದು ನಿಲ್ಲಿಸಿದ. ಎರಡನೆಯವನ ಆಸೆಯೇ ಹದಕ್ಕೆ ಬಂದಿದೆ. ಅಕ್ವಿನಾಸರ ಪ್ರಕಾರ ಮೊದಲಿನದೂ ಒಳ್ಳೆಯದೇ, ಆದರೆ ಪೂರ್ಣ ಸದ್ಗುಣ ಎರಡನೆಯದು. ತಡೆಯುವ ಹಂತದಿಂದ ಹದವಾಗುವ ಹಂತಕ್ಕೆ ಸಾಗುವುದೇ ಸಾಧನೆ. ಮೊದಲ ಹಂತದಲ್ಲಿ ಒದ್ದಾಡುತ್ತಿರುವವರು ಕುಗ್ಗಬೇಕಾಗಿಲ್ಲ. ಅವರು ಸರಿಯಾದ ದಾರಿಯಲ್ಲೇ ಇದ್ದಾರೆ.

ಸಂಯಮ ತೋರಿಕೆಗೆ ಇಳಿಯುವ ಅಪಾಯದ ಬಗ್ಗೆ ಯೇಸು ಬೆಟ್ಟದ ಪ್ರಸಂಗದಲ್ಲೇ ಎಚ್ಚರಿಸಿದ್ದಾರೆ. ಉಪವಾಸವಿರುವಾಗ ಮುಖ ಬಾಡಿಸಿಕೊಳ್ಳಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಎಂಬುದು ಅವರ ಬೋಧನೆ. ಯಾರೂ ಕಾಣದಲ್ಲಿ ನಾವು ಏನಾಗಿದ್ದೇವೋ ಅದೇ ನಮ್ಮ ನಿಜವಾದ ಅಳತೆ. ತಪ್ಪಿ ನಡೆದವನಿಗೂ ಪ್ರಾಮಾಣಿಕತೆಯ ಬಾಗಿಲು ಮುಚ್ಚಿಲ್ಲ. ಸುಂಕ ವಸೂಲಿಯಿಂದ ಶ್ರೀಮಂತನಾಗಿದ್ದ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ ಕಣ್ಣೀರಿಟ್ಟು ಸುಮ್ಮನಾಗಲಿಲ್ಲ. ಆಸ್ತಿಯ ಅರ್ಧ ಬಡವರಿಗೆ, ಮೋಸಹೋದವರಿಗೆ ನಾಲ್ಕು ಪಟ್ಟು ಎಂದು ಎಲ್ಲರೆದುರು ಲೆಕ್ಕ ಹೇಳಿದ.

ದೇಹವನ್ನು ದ್ವೇಷಿಸುವುದೇ ಸಂಯಮ ಎಂಬ ತಪ್ಪು ತಿಳಿವಳಿಕೆಯೂ ಹಳೆಯದು. 4ನೇ ಶತಮಾನದಲ್ಲಿ ಏಷ್ಯಾ ಮೈನರಿನ ಗಂಗ್ರದಲ್ಲಿ ಸೇರಿದ ಧರ್ಮಸಭೆ, ಮದುವೆಯನ್ನೂ ಮಾಂಸಾಹಾರವನ್ನೂ ಹೀನವೆಂದು ಜರೆಯುವವರನ್ನು ಖಂಡಿಸಿತು. ದೇವರ ಸೃಷ್ಟಿ ಒಳ್ಳೆಯದು. ಕೆಟ್ಟಿರುವುದು ನಾವು ಅದನ್ನು ಬಯಸುವ ರೀತಿ.

ಕನ್ನಡ ಕಥೋಲಿಕರು ತಪಸ್ಸುಕಾಲವೆನ್ನುವ 40 ದಿನಗಳಲ್ಲಿ ಉಪವಾಸದ ಜೊತೆಗೆ ಪ್ರಾರ್ಥನೆ ಮತ್ತು ದಾನ ಸೇರಿರುವುದು ಈ ಬಯಸುವ ರೀತಿಯನ್ನು ತಿದ್ದಿಕೊಳ್ಳುವುದಕ್ಕೆ. ತಟ್ಟೆಯಲ್ಲಿ ಬಿಟ್ಟ ತುತ್ತು ಹಸಿದವರ ತಟ್ಟೆಗೆ ತಲುಪಬೇಕು. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ದಿನದ ಆತ್ಮಪರಿಶೋಧನೆಯೂ ಸರಳವಾದುದೇ: ದೇವರಿಗೆ ಕೃತಜ್ಞತೆ ಹೇಳು, ದಿನವನ್ನು ಹಿಂತಿರುಗಿ ನೋಡು, ತಪ್ಪಿಗೆ ಕ್ಷಮೆ ಕೇಳು, ತಿದ್ದಿಕೊಳ್ಳುವೆನೆಂದು ನಿಶ್ಚಯಿಸು. ಯಾವ ಧರ್ಮದವರೇ ಆಗಲಿ, ಇದನ್ನು ಇಂದು ರಾತ್ರಿಯೇ ಆರಂಭಿಸಬಹುದು. ಯಾರಿಗಾದರೂ ಹಿಂದಿರುಗಿಸಬೇಕಾದದ್ದು ನೆನಪಾದರೆ, ಅದು ಹಣವಾಗಿರಲಿ, ಕ್ಷಮೆಯಾಗಿರಲಿ, ಕೊಟ್ಟ ಮಾತಾಗಿರಲಿ, ನಾಳೆಯೇ ಹೋಗಿ ಸಲ್ಲಿಸಿ.