ಅಬ್ಬಾ ಅವರ ಕ್ಯಾಸೆಟ್ಟು ಮತ್ತು ಆಧಾರದ ಪ್ರಶ್ನೆ

ದೇವರಾಯಸಮುದ್ರದಲ್ಲಿ ಹೆದ್ದಾರಿಯ ಬದಿಗೆ ನಮ್ಮ ಅಬ್ಬಾ ಒಂದು ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು. ಏಳೆಂಟು ಬಾಡಿಗೆ ಸೈಕಲ್ಲು, ಪಂಕ್ಚರ್ ನೋಡುವ ನೀರಿನ ಬೋಗುಣಿ, ಗೋಡೆಗೆ ನೇತುಹಾಕಿದ ಹಳೆ ಟ್ಯೂಬುಗಳು, ಇವುಗಳ ನಡುವೆ ಒಂದು ಟೇಪ್ ರೆಕಾರ್ಡರ್. ಕ್ಯಾಸೆಟ್ಟುಗಳಲ್ಲಿ ಹೆಚ್ಚಿನವು ಮುಹಮ್ಮದ್ ರಫಿಯವರ ಹಾಡುಗಳು, ಉಳಿದವು ಕವ್ವಾಲಿ. ಕನ್ನಡದ್ದು ಒಂದೇ ಒಂದು: ‘ನಿತ್ಯೋತ್ಸವ’. ಮನೆಯೊಳಗೆ ದಖನಿ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತಿದ್ದ ನಮಗೆ, ಕನ್ನಡವೆಂಬುದು ಪಾಠಪುಸ್ತಕದ ಹೊರಗೂ ಇದೆ ಎಂದು ಮೊದಲು ತೋರಿಸಿಕೊಟ್ಟದ್ದು ಆ ಕ್ಯಾಸೆಟ್ಟು.

ಅಬ್ಬಾ ಈಗಿಲ್ಲ. ಕ್ಯಾಸೆಟ್ಟು ಇದೆ, ಅದರ ಹೊದಿಕೆಯ ಚೀಟಿ ಎಂದೋ ಕಳೆದುಹೋಗಿದೆ. ಕಳೆದ ರಜೆಯಲ್ಲಿ ತಂಗಿಯ ಮಗಳು ಊರಿಗೆ ಬಂದಾಗ ಅದು ಮತ್ತೆ ಪೆಟ್ಟಿಗೆಯಿಂದ ಹೊರಗೆ ಬಂತು. ಬೆಂಗಳೂರಿನಲ್ಲಿ ಓದುತ್ತಿರುವ ಅವಳಿಗೆ ಕನ್ನಡ ವಿಕಿಪೀಡಿಯಕ್ಕೆ ಒಂದು ಲೇಖನ ಸಿದ್ಧಪಡಿಸುವ ಕೆಲಸ ಕೊಟ್ಟಿದ್ದರು. ಜೊತೆಯವರು ಸಿನಿಮಾ, ಕ್ರಿಕೆಟ್ ಎಂದು ಆರಿಸಿಕೊಂಡರೆ ಇವಳು ನಾನಾನ ನೆನಪಿಗೆಂದು ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು ಆರಿಸಿಕೊಂಡಿದ್ದಳು. “ಮಾಮೂ, ನಿಮಗೆ ಗೊತ್ತಿರೋದನ್ನೆಲ್ಲ ಬರೆದುಕೊಡಿ, ಆಮೇಲೆ ನಾನು ಜೋಡಿಸ್ಕೋತೀನಿ” ಎಂದಳು. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಮೇಷ್ಟರು ನಾನು. ಒಂದೇ ರಾತ್ರಿ ಕುಳಿತು ನಾಲ್ಕು ಪುಟ ಬರೆದುಕೊಟ್ಟೆ.

ಅವರ ತರಗತಿಯಲ್ಲಿ ಒಬ್ಬರ ಕರಡನ್ನು ಇನ್ನೊಬ್ಬರು ಪರಿಶೀಲಿಸಬೇಕೆಂಬ ನಿಯಮವಿದೆ. ನನ್ನ ಕೈಬರಹವನ್ನು ಆಧರಿಸಿ ಅವಳು ಮಾಡಿದ ಕರಡು ಯಾವುದೋ ಹುಡುಗನ ಕೈಗೆ ಹೋಯಿತು. ಒಂದು ವಾರದಲ್ಲಿ ವಾಪಸು ಬಂತು. ನಾಲ್ಕು ಪುಟದಲ್ಲಿ ಒಂದು ಪುಟವೂ ನೆಟ್ಟಗೆ ಉಳಿದಿರಲಿಲ್ಲ. ಅಲ್ಲಲ್ಲಿ ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂಬ ಗುರುತು. ಮೇಷ್ಟರ ಬರಹಕ್ಕೆ ಕೆಂಪು ಶಾಯಿ! ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಆ ಸಿಟ್ಟು ಇಳಿದ ಮೇಲೆ ಉಳಿದ ಪ್ರಶ್ನೆಗಳು ಇನ್ನೂ ನನ್ನನ್ನು ಬಿಟ್ಟಿಲ್ಲ. ಪ್ರೀತಿಸುವ ವಸ್ತುವಿನ ಬಗ್ಗೆ ಎಷ್ಟು ಹೇಳಲು ನಮಗೆ ಹಕ್ಕಿದೆ? ನಿಜವೆಂದು ನಮಗೆ ಗೊತ್ತಿದ್ದೂ ತೋರಿಸಲಾಗದ ಮಾತನ್ನು ಬಿಟ್ಟುಬಿಡುವುದು ಪ್ರಾಮಾಣಿಕತೆಯೋ, ಸತ್ತವರಿಗೆ ಮಾಡುವ ಅನ್ಯಾಯವೋ?

ಸುಲಭದ್ದನ್ನು ಮೊದಲು ಹೇಳಿಬಿಡುತ್ತೇನೆ. ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಸಂಗ್ರಹ ಎಂದು ನಾನು ಬರೆದಿದ್ದೆ. ಹುಡುಗ ಕೇಳಿದ್ದ: ಗ್ರಾಮಫೋನ್ ತಟ್ಟೆಗಳು ಏನಾದವು? ಸರಿಯಾದ ಪ್ರಶ್ನೆ. ಪಿ. ಕಾಳಿಂಗರಾಯರು (1914–1981) ಕನ್ನಡ ಕವಿಗಳ ಹಾಡುಗಳನ್ನು ತಟ್ಟೆಗಳ ಮೂಲಕ ಮನೆಮನೆಗೆ ತಲುಪಿಸಿದ್ದು ಕ್ಯಾಸೆಟ್ಟಿನ ಕಾಲಕ್ಕೆ ಬಹಳ ಹಿಂದೆ. ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ 1978ರಲ್ಲಿ ಹೊರಬಂದ ‘ನಿತ್ಯೋತ್ಸವ’ವನ್ನು ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಹೇಳುತ್ತಾರೆ. ‘ಮೊದಲ ಧ್ವನಿಸುರುಳಿ’ ಎಂಬುದಕ್ಕೂ ‘ಮೊದಲ ಸಂಗ್ರಹ’ ಎಂಬುದಕ್ಕೂ ನಡುವೆ ಕಾಳಿಂಗರಾಯರ ಇಡೀ ಬಾಳು ಇದೆ. ನಮ್ಮವರನ್ನು ಎತ್ತಿ ಹಿಡಿಯುವ ಭರದಲ್ಲಿ ನಾನು ಇನ್ನೊಬ್ಬರನ್ನು ಅಳಿಸಿಹಾಕಿದ್ದೆ. ‘ಮೊದಲ’ ಎಂಬ ಪದವನ್ನು ಹೊಗಳಿಕೆಯೆಂದೇ ನಾವು ಬಳಸುತ್ತೇವೆ. ಅದು ಹಿಂದಿನವರ ಮೇಲೆ ಹೊರಿಸುವ ಆರೋಪವೂ ಆಗಬಹುದೆಂದು ಹೊಳೆಯುವುದಿಲ್ಲ.

ಇನ್ನೊಂದು ಅಬ್ಬಾ ಅವರ ಮಾತು. ಎಮರ್ಜೆನ್ಸಿ ಹಾಕಿದ ವರ್ಷ ಬೆಂಗಳೂರಿಗೆ ಸೈಕಲ್ ಸಾಮಾನು ತರಲು ಹೋದಾಗ ಈ ಕ್ಯಾಸೆಟ್ಟು ಕೊಂಡೆ ಎಂದು ಅವರು ಸಾಯುವವರೆಗೂ ಹೇಳುತ್ತಿದ್ದರು. ನಾನು ನೂರು ಸಲ ಕೇಳಿದ್ದೇನೆ, ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ. ತುರ್ತುಪರಿಸ್ಥಿತಿ ಬಂದದ್ದು 1975ರಲ್ಲಿ. ‘ನಿತ್ಯೋತ್ಸವ’ ಕವನ ಸಂಕಲನ ಪ್ರಕಟವಾದದ್ದೇ 1976ರಲ್ಲಿ, ಧ್ವನಿಸುರುಳಿ ಅದಾಗಿ ಎರಡು ವರ್ಷಕ್ಕೆ. ಅಮ್ಮಿಯನ್ನು ಕೇಳಿದರೆ, “ಅಂಗಡಿಗೆ ಟೇಪು ಬಂದಿದ್ದೇ ನಿನ್ನ ತಂಗಿ ಹುಟ್ಟಿದ ಮೇಲೆ” ಎಂದು ನಕ್ಕರು. ತಂಗಿ ಹುಟ್ಟಿದ್ದು 1981ರಲ್ಲಿ. ಅಬ್ಬಾ ಸುಳ್ಳು ಹೇಳುವ ಮನುಷ್ಯರಲ್ಲ, ಗಿರಾಕಿಗೆ ನಾಲ್ಕಾಣೆ ಹೆಚ್ಚು ಬಂದರೆ ಓಡಿಹೋಗಿ ಕೊಟ್ಟು ಬರುತ್ತಿದ್ದರು. ಪ್ರಾಮಾಣಿಕ ಮನುಷ್ಯನ ನೆನಪೂ ತಪ್ಪಬಹುದೆಂಬ ಸರಳ ಸಂಗತಿ ಐವತ್ತು ದಾಟಿದ ಮೇಲೆ ನನಗೆ ಅರ್ಥವಾಯಿತು. ಹದೀಸ್ ಸಂಗ್ರಹಿಸಿದ ಹಿಂದಿನ ವಿದ್ವಾಂಸರು ಒಬ್ಬ ವರದಿಗಾರನ ಪ್ರಾಮಾಣಿಕತೆಯನ್ನು ಮಾತ್ರವಲ್ಲದೆ ಅವನ ಜ್ಞಾಪಕಶಕ್ತಿಯನ್ನೂ ಪ್ರತ್ಯೇಕವಾಗಿ ಅಳೆಯುತ್ತಿದ್ದರು. ಧರ್ಮಿಷ್ಠನೆಂದು ಗೌರವಿಸುತ್ತಲೇ, ನೆನಪು ಸಡಿಲವಾದವನ ವರದಿಯನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. ಅದರಲ್ಲಿ ಅವಮಾನವೇನೂ ಇರಲಿಲ್ಲ.

ಇಷ್ಟನ್ನು ಒಪ್ಪಿಕೊಂಡೆ. ಒಪ್ಪಲಾಗದೆ ಎರಡು ದಿನ ಕುದಿದದ್ದು ಲೇಖನದ ಮೊದಲ ವಾಕ್ಯದ ಬಗ್ಗೆ. ‘ಕನ್ನಡದ ಹೆಸರಾಂತ ಮುಸ್ಲಿಂ ಕವಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳ’ ಎಂದು ಶುರು ಮಾಡಿದ್ದೆ. ಹುಡುಗ ‘ಮುಸ್ಲಿಂ’ ಎಂಬ ಪದಕ್ಕೆ ಗೆರೆ ಎಳೆದು ಬದಿಯಲ್ಲಿ ಬರೆದಿದ್ದ: “ಸಂಗೀತ ನಿರ್ದೇಶಕರ ಜಾತಿ ಧರ್ಮ ಬರೆದಿಲ್ಲ. ಕವಿಯದು ಮಾತ್ರ ಯಾಕೆ?”

ನನ್ನ ಮೊದಲ ಉತ್ತರ ಯಾರಿಗಾದರೂ ಗೊತ್ತಾಗುವಂಥದ್ದೇ. ಅಪರಾಧದ ಸುದ್ದಿಯಾದರೆ ಹೆಸರು, ಧರ್ಮ, ಮೊಹಲ್ಲಾ ಎಲ್ಲವೂ ದಪ್ಪ ಅಕ್ಷರದಲ್ಲಿ ಬರುತ್ತದೆ. ನಾಡೇ ಹಾಡುವ ಹಾಡಿನ ಸುದ್ದಿ ಬಂದಾಗ ಮಾತ್ರ ಧರ್ಮ ಬೇಡವೇ? ನಮ್ಮ ಮಕ್ಕಳಿಗೆ, ಈ ಭಾಷೆ ನಿಮ್ಮದಲ್ಲ ಎಂದು ಯಾರಾದರೂ ಹೇಳಿದ ದಿನ ತೋರಿಸಲು ಏನಿರುತ್ತದೆ? ದೇವನಹಳ್ಳಿ ನಮ್ಮ ಕೋಲಾರದ ಮಗ್ಗುಲಲ್ಲೇ ಇದೆ. ಅಲ್ಲಿ ಹುಟ್ಟಿದ ಹುಡುಗ 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. 2020ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ, ಲಾಕ್‌ಡೌನ್ ಮಧ್ಯೆ, ನಮ್ಮ ಮನೆಯಲ್ಲಿ ಹತ್ತಿರದವರು ಹೋದಂತೆ ಎಲ್ಲರೂ ಸುಮ್ಮನೆ ಕುಳಿತಿದ್ದೆವು. ಇದನ್ನೆಲ್ಲ ಒಂದು ಪದದಲ್ಲಿ ತುಂಬಿದ್ದೆ. ಆ ಪದಕ್ಕೇ ಗೆರೆ.

ಇದನ್ನೆಲ್ಲ ತಂಗಿಯ ಮಗಳ ಮುಂದೆ ಒದರಿದೆ. ಅವಳು ತಾಳ್ಮೆಯಿಂದ ಕೇಳಿ, “ಮಾಮೂ, ಆ ಪದ ತೆಗೆದರೆ ಕ್ಯಾಸೆಟ್ಟಿನ ಬಗ್ಗೆ ಓದುವವನಿಗೆ ಏನು ತಿಳಿಯದೆ ಹೋಗುತ್ತೆ?” ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಆ ಕವಿತೆಯಲ್ಲಿರುವುದು ನಾಡಿನ ಜಲಪಾತ, ನದಿ, ಕಾಡು, ಶಿಲ್ಪ. ಬೆಟ್ಟದೊಳಗಿನ ಅದಿರು ಕೂಡ ಇದೆ. ಅದಿರು! ಹಾಡು ಹೊಸೆಯುವ ಎಷ್ಟು ಜನ ಕವಿಗಳಿಗೆ ನಾಡಗೀತದಂಥ ಕವಿತೆಯಲ್ಲಿ ಅದಿರನ್ನು ಇಡಬೇಕೆಂದು ತೋಚುತ್ತದೆ? ನಿಸಾರ್ ಅಹಮದ್ ಭೂವಿಜ್ಞಾನ ಓದಿದವರು, ಕಾಲೇಜಿನಲ್ಲಿ ಅದನ್ನೇ ಕಲಿಸಿದವರು. ಹಾಗಾದರೆ ಮೊದಲ ವಾಕ್ಯದಲ್ಲಿ ‘ಭೂವಿಜ್ಞಾನದ ಅಧ್ಯಾಪಕ’ ಎಂದು ಹಾಕಿದರೆ ಅದು ಕೃತಿಯ ಬಗ್ಗೆ ಏನನ್ನೋ ಹೇಳುತ್ತದೆ. ನನ್ನ ವಿಶೇಷಣ ಕೃತಿಯ ಬಗ್ಗೆ ಹೇಳುತ್ತಿರಲಿಲ್ಲ, ನನ್ನ ಬಗ್ಗೆ ಹೇಳುತ್ತಿತ್ತು. ಈ ಹೊಸ ಕಾಣ್ಕೆಯನ್ನು ಹುರುಪಿನಿಂದ ಹೇಳಿದೆ. “ಅದಿರು ಬಂದಿದ್ದು ಭೂವಿಜ್ಞಾನದಿಂದಲೇ ಅನ್ನೋದಕ್ಕೂ ಆಧಾರ ಬೇಕಲ್ವಾ ಮಾಮೂ?” ಎಂದಳು. ಬಾಯಿ ಮುಚ್ಚಿಕೊಂಡೆ.

ಆದರೆ ಆ ‘ಮುಸ್ಲಿಂ ಕವಿ’ಯನ್ನು ಇನ್ನಷ್ಟು ಹಿಂಜಿ ನೋಡಿದಾಗ ಒಳಗೆ ಬೇರೊಂದು ಕಂಡಿತು. ಆ ವಾಕ್ಯವನ್ನು ಮೆಚ್ಚುಗೆಯಿಂದ ಓದುವವನು ಒಳಗೊಳಗೇ ಒಂದು ಅಕ್ಷರ ಸೇರಿಸಿಕೊಳ್ಳುತ್ತಾನೆ: ಮುಸ್ಲಿಮರಾಗಿದ್ದೂ. ಆ ‘ದ್ದೂ’ವನ್ನು ನಾನೇ ಆಮಂತ್ರಿಸಿದ್ದೆ. ಕನ್ನಡವೆಂಬುದು ಯಾರದೋ ಮನೆ, ನಾವು ಅಲ್ಲಿ ಚೆನ್ನಾಗಿ ನಡೆದುಕೊಂಡ ಅತಿಥಿಗಳು, ಆದ್ದರಿಂದ ನಮಗೊಂದು ಶಹಬಾಸ್ ಸಲ್ಲಬೇಕು ಎಂದು ಒಪ್ಪಿಕೊಂಡಂತೆ. ಅಪರಾಧದ ಸುದ್ದಿಯಲ್ಲಿ ಧರ್ಮ ಬರೆಯಬೇಡಿ, ಅದು ವಿಷಯಕ್ಕೆ ಸಂಬಂಧಿಸಿಲ್ಲ ಎಂದು ಹೇಳುವ ನಾನು ಹಾಡಿನ ಸುದ್ದಿಯಲ್ಲಿ ಅದೇ ತಕ್ಕಡಿಯನ್ನು ಹಿಡಿಯಬೇಕಲ್ಲವೇ?

ಹಾಗೆಂದು ಎಲ್ಲ ಕಡೆಯಿಂದಲೂ ಅದನ್ನು ಒರೆಸಿಹಾಕಬೇಕೆಂದು ನಾನು ಹೇಳುತ್ತಿಲ್ಲ, ಆ ಹುಡುಗನೂ ಹೇಳಿರಲಿಲ್ಲ. ಕವಿಯ ಬದುಕಿನ ಬಗ್ಗೆ ಬರೆಯುವ ಲೇಖನದಲ್ಲಿ ಅದು ಇರಲೇಬೇಕು, ಒಂದು ಪದವಾಗಿ ಅಲ್ಲ, ಒಂದು ಅಧ್ಯಾಯವಾಗಿ. ‘ನಾನೆಂಬ ಪರಕೀಯ’ ಎಂಬುದು 1972ರ ಅವರ ಸಂಕಲನದ ಹೆಸರು. ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಅವರ ಬಹುಚರ್ಚಿತ ಕವಿತೆಯ ಹೆಸರು. ಈ ಶೀರ್ಷಿಕೆಗಳನ್ನು ಇಟ್ಟ ಕವಿ ತನ್ನ ಹೆಸರಿನ ಹಿಂದೆ ಅಂಟಿಸುವ ಚೀಟಿಗಳ ಬಗ್ಗೆ ನನಗಿಂತ ಆಳವಾಗಿ ಯೋಚಿಸಿದ್ದವರು. ಅವರು ಹಾಗೆ ಕಷ್ಟಪಟ್ಟು ಹೇಳಿದ್ದನ್ನು ನಾನು ಒಂದು ವಿಶೇಷಣದಲ್ಲಿ ಸುಲಭ ಮಾಡಿ ಮುಗಿಸಿದ್ದೆ.

ಇಲ್ಲಿ ಆ ಪರಿಶೀಲಕ ಹುಡುಗನ ಪರವಾಗಿ ಹೇಳಿದ್ದಾಯಿತು. ಅವನ ವಿರುದ್ಧವೂ ಒಂದು ಮಾತಿದೆ. ಅಳಿಸುವುದು ಸುಲಭದ ಕೆಲಸ. ಮೈಕೆಲ್ ಜಾಕ್ಸನ್ನರ ‘ಥ್ರಿಲ್ಲರ್’ 1982ರಲ್ಲಿ ಬಂದಾಗ ಅದರ ಬಗ್ಗೆ ಬರೆಯಲು ವಿಮರ್ಶಕರಿದ್ದರು, ವಾರವಾರದ ಮಾರಾಟದ ಪಟ್ಟಿಗಳಿದ್ದವು, ಸಂದರ್ಶನಗಳಿದ್ದವು. ಇಂದು ಯಾರೇ ಆಗಲಿ ಅದರ ಪ್ರತಿ ವಾಕ್ಯಕ್ಕೂ ಆಧಾರ ತೋರಿಸಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ಆಲ್ಬಂ ಲೇಖನಗಳನ್ನು ‘ಒಳ್ಳೆಯ ಲೇಖನ’ವೆಂದು ಪರಿಗಣಿಸುವ ಮೊದಲು, ಅದರಲ್ಲಿ ಹೆಚ್ಚಿನ ಪಾಲಿಲ್ಲದ ಒಬ್ಬರು ಭಾಷೆ, ಆಧಾರ, ವ್ಯಾಪ್ತಿ, ನಿಷ್ಪಕ್ಷಪಾತ ಎಂದೆಲ್ಲ ಅಳೆಯುತ್ತಾರೆ, ಕೊರತೆ ಕಂಡರೆ ತಿದ್ದಲು ಸಾಮಾನ್ಯವಾಗಿ ಒಂದು ವಾರ ಕೊಡುತ್ತಾರೆ. ಆ ಅಳತೆಗೋಲನ್ನು ಇದ್ದಂತೆ ತಂದು ಕನ್ನಡದ ಕ್ಯಾಸೆಟ್ಟಿಗೆ ಹಿಡಿದರೆ ಏನಾಗುತ್ತದೆ? ಎಷ್ಟೋ ಧ್ವನಿಸುರುಳಿಗಳ ಹೊದಿಕೆಯಲ್ಲಿ ತಬಲಾ ಬಾರಿಸಿದವರ, ಕೊಳಲು ಊದಿದವರ ಹೆಸರೇ ಇರುವುದಿಲ್ಲ. ಅವರು ಇದ್ದರು ಎಂಬುದಕ್ಕೆ ಇರುವ ಏಕೈಕ ಆಧಾರ ನಮ್ಮ ಕಿವಿ. ಬರೆದಿಡುವ ಅಭ್ಯಾಸವಿದ್ದವರು ಉಳಿಯುತ್ತಾರೆ, ಇಲ್ಲದವರು ಅಳಿಯುತ್ತಾರೆ. ‘ಸಾಕ್ಷ್ಯಾಧಾರ ಬೇಕಾಗಿದೆ’ ಎಂದು ಬರೆಯುವವನು ಅದನ್ನು ಹುಡುಕಲು ತಾನೂ ನಾಲ್ಕು ಹೆಜ್ಜೆ ನಡೆದಿದ್ದರೆ ಅದು ಪರಿಶೀಲನೆ. ಕುಳಿತಲ್ಲೇ ಗೆರೆ ಎಳೆದರೆ ಅದು ಬರೀ ಅಧಿಕಾರ.

ಈ ವಿವರಗಳು ಚಿಲ್ಲರೆಯವೂ ಅಲ್ಲ. ನಾಡಗೀತೆಯನ್ನು ಯಾರ ಧಾಟಿಯಲ್ಲಿ ಹಾಡಬೇಕೆಂಬ ಜಗಳ ವರ್ಷಗಟ್ಟಲೆ ನಡೆಯಿತು. ಅನಂತಸ್ವಾಮಿಯವರ ಧಾಟಿಯಲ್ಲಿ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಎಂದು ಸರ್ಕಾರ 2022ರಲ್ಲಿ ಆದೇಶಿಸಿದ ಮೇಲೂ ವಿಷಯ ಹೈಕೋರ್ಟಿಗೆ ಹೋಯಿತು. ಅನಂತಸ್ವಾಮಿಯವರು 1995ರಲ್ಲೇ ತೀರಿಕೊಂಡಿದ್ದರು, ಬಂದು ಸಾಕ್ಷಿ ಹೇಳುವಂತಿರಲಿಲ್ಲ.

ಬೇಕಾದರೆ ನಮ್ಮ ಊರಿನ ಹೆಸರನ್ನೇ ನೋಡಿ. ‘ಸಮುದ್ರ’ವೆಂದರೆ ಇಲ್ಲಿ ಕೆರೆ. ದೇವರಾಯನ ಕೆರೆ ಎಂದ ಕೂಡಲೇ ವಿಜಯನಗರದ ಪ್ರೌಢದೇವರಾಯ ಕಟ್ಟಿಸಿದ್ದು ಎಂದು ಬರೆದುಬಿಡಲು ಕೈ ತುರಿಸುತ್ತದೆ. ಆದರೆ ವಿಜಯನಗರಕ್ಕೆ ಹದಿನೈದನೆಯ ಶತಮಾನದಲ್ಲಿ ಇಬ್ಬರು ದೇವರಾಯರಿದ್ದರು. ಹೆಸರು ಯಾವನದೆಂದು ಹೆಸರೇ ಹೇಳುವುದಿಲ್ಲ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದ್ದಾರೆ. ಅದನ್ನು ತೆರೆಯದೆ ಅಭಿಮಾನದಿಂದ ಊರಿಗೊಬ್ಬ ರಾಜನನ್ನು ದಯಪಾಲಿಸುವುದು ಊರಿಗೆ ಮಾಡಿದ ಉಪಕಾರವೆಂದು ನನಗೆ ಈಗ ಅನ್ನಿಸುವುದಿಲ್ಲ.

ಕರಡಿನಲ್ಲಿ ಹೊಡೆದುಹಾಕಿದ ಇನ್ನೊಂದು ವಾಕ್ಯವಿತ್ತು. ಸಂಜೆ ಆ ಕ್ಯಾಸೆಟ್ಟು ಹಾಕಿದಾಗ, ಕನ್ನಡ ಸರಿಯಾಗಿ ಬಾರದ ಲಾರಿ ಡ್ರೈವರುಗಳೂ ಟೀ ಲೋಟ ಹಿಡಿದು ಅಂಗಡಿಯ ಮುಂದೆ ನಿಂತುಬಿಡುತ್ತಿದ್ದರು ಎಂದು. ಒಬ್ಬ ಮುದುಕ, ಆಂಧ್ರದ ಕಡೆಯವನು, ಅರ್ಥ ಕೇಳಿ ತಿಳಿದುಕೊಂಡು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಇದಕ್ಕೆ ಯಾವ ಪತ್ರಿಕೆಯ ಪುಟಸಂಖ್ಯೆಯೂ ಸಿಗುವುದಿಲ್ಲ. ಇದು ನಿಜ, ಆದರೂ ವಿಶ್ವಕೋಶಕ್ಕೆ ಸೇರದು. ಅನ್ಯಾಯವೆಂದು ಬಹಳ ಹೊತ್ತು ಅನ್ನಿಸಿತ್ತು. ಆಮೇಲೆ ನೆನಪಾದವರು ಡಿ.ವಿ.ಜಿ. ನಮ್ಮ ತಾಲ್ಲೂಕಿನ ಮುಳಬಾಗಿಲಿನಲ್ಲೇ 1887ರಲ್ಲಿ ಹುಟ್ಟಿದವರು. ತಾವು ಕಂಡ ಸಂಗೀತಗಾರರನ್ನು, ಪಂಡಿತರನ್ನು, ಹೆಸರಿಲ್ಲದ ಸಾಮಾನ್ಯರನ್ನು ಕುರಿತು ಸಂಪುಟಗಟ್ಟಲೆ ಬರೆದ ಅವರು ಅದಕ್ಕೆ ಇಟ್ಟ ಹೆಸರು ‘ಜ್ಞಾಪಕ ಚಿತ್ರಶಾಲೆ’. ಇದು ನನ್ನ ಜ್ಞಾಪಕ ಎಂದು ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಒಳಗೆ ಬಂದವನಿಗೆ ತಾನು ಯಾರ ಮಾತನ್ನು ನಂಬುತ್ತಿದ್ದೇನೆಂದು ಗೊತ್ತಿರುತ್ತದೆ. ಲಾರಿ ಡ್ರೈವರುಗಳ ಸಂಗತಿಯನ್ನು ನಾನು ಈ ಲೇಖನದಲ್ಲಿ ನನ್ನ ಹೊಣೆಯ ಮೇಲೆ ಹೇಳುತ್ತಿರುವುದು ಅದೇ ಧೈರ್ಯದಿಂದ.

ಕರಡು ಈಗ ಒಂದೂಮುಕ್ಕಾಲು ಪುಟಕ್ಕೆ ಬೆಳೆದಿದೆ. ಮೊದಲ ವಾಕ್ಯದಲ್ಲಿ ಕವಿಯ ಹೆಸರಿದೆ, ಸಂಗೀತ ನಿರ್ದೇಶಕರ ಹೆಸರಿದೆ, ವರ್ಷವಿದೆ. ಯಾವ ವಿಶೇಷಣವೂ ಇಲ್ಲ. ಕಾಳಿಂಗರಾಯರ ಬಗ್ಗೆ ಒಂದು ಸಾಲು ಸೇರಿದೆ. ‘ಮೊದಲ ಧ್ವನಿಸುರುಳಿ’ ಎಂಬಲ್ಲಿ ಗುರುತು ಹಾಗೇ ಇದೆ, ಏಕೆಂದರೆ ‘ಹೇಳುತ್ತಾರೆ’ ಎಂದರೆ ಸಾಲದು, ಯಾರು ಎಂದು ತೋರಿಸಬೇಕಂತೆ. 1978ರ ಪತ್ರಿಕೆಗಳ ಹಳೆಯ ಕಟ್ಟು ನೋಡಲು ಮುಂದಿನ ಸೋಮವಾರ ಬೆಂಗಳೂರಿನ ಬಸ್ಸು ಹತ್ತಬೇಕೆಂದಿದ್ದೇನೆ. ತಂಗಿಯ ಮಗಳು ಫೋನಿನಲ್ಲಿ ಎರಡು ಸಲ ನೆನಪಿಸಿದ್ದಾಳೆ, “ಮಾಮೂ, ತಾರೀಖು ಒಂದೇ ಸಾಲದು, ಪುಟ ಎಷ್ಟು ಅಂತಾನೂ ಬರೆದುಕೊಳ್ಳಿ” ಎಂದು. ಆ ಹುಡುಗನೂ ಬರುತ್ತಾನಂತೆ.