ಮಕ್ಕಳ ವರ್ಷಗಳೂ ಅಮಾನತು

ಮಕ್ಕಳು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತು. ಅವರ ವರ್ಷಗಳೂ ಅಮಾನತೇ ಎಂಬುದನ್ನು ನಾವು ಮರೆಯುತ್ತೇವೆ.

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಶಾಲೆ ಬಿಟ್ಟು ಗ್ಯಾರೇಜು, ಅಂಗಡಿ ಸೇರಿದ ಹುಡುಗರಿಗೂ ಮದ್ರಸಾದಲ್ಲಿ ಕಲಿಯುವವರಿಗೂ ಹತ್ತನೇ ತರಗತಿ ಮುಗಿಸಲು ದಾರಿಯಿದೆ. 1989ರಲ್ಲಿ ಆರಂಭವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಗೆ 14 ವರ್ಷ ತುಂಬಿದವರು ಸೇರಬಹುದು. ಉರ್ದು ಮಾಧ್ಯಮವೂ ಇದೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ. 5 ವರ್ಷದೊಳಗೆ 5 ವಿಷಯ ಮುಗಿಸಿದರೆ ಸಾಕು.

ಈ ರಿಯಾಯಿತಿ ಎಡವಿದವನಿಗೆ ಊರುಗೋಲು. ಆದರೆ "ಇನ್ನೂ ಸಮಯವಿದೆಯಲ್ಲ" ಎಂದು ಮನೆಯವರು ಸುಮ್ಮನಾದರೆ ಅದೇ ನಷ್ಟಕ್ಕೆ ದಾರಿ. 14ಕ್ಕೆ ಸೇರಿದವನು 19ಕ್ಕೆ ಮುಗಿಸುವಾಗ ಅವನ ಓರಗೆಯವರು ಪದವಿ ತರಗತಿಯಲ್ಲಿರುತ್ತಾರೆ. ಹೆಣ್ಣುಮಗಳಾದರೆ ಅಷ್ಟರಲ್ಲಿ ಮದುವೆಯ ಮಾತು ಓದನ್ನು ನುಂಗಿರುತ್ತದೆ.

ಹಾಗಾದರೆ ಹೊಣೆ ಯಾರದು? ಹಗಲೆಲ್ಲ ದುಡಿದು ಬಂದ ಹುಡುಗನನ್ನು ಸೋಮಾರಿ ಎನ್ನುವುದು ಸುಲಭ. ಅವನ ಸಂಬಳ ಎಣಿಸಿಕೊಳ್ಳುವ ನಾವು ಅವನಿಗೆ ಸಂಜೆ 2 ಗಂಟೆ ಬಿಡುವು ಕೊಡಿಸಿದ್ದೇವೆಯೇ? ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ನೆನಪಿಟ್ಟಿದ್ದೇವೆಯೇ? ಪಾಠ ಹೇಳಿಕೊಡಬಲ್ಲ ಪದವೀಧರರನ್ನು ಮೊಹಲ್ಲಾದಲ್ಲಿ ಹುಡುಕಿದ್ದೇವೆಯೇ?

ಪವಿತ್ರ ಕುರ್‌ಆನಿನ 103ನೇ ಅಧ್ಯಾಯ ಆರಂಭವಾಗುವುದೇ ಕಾಲದ ಮೇಲಿನ ಆಣೆಯಿಂದ. ನಮ್ಮ ಆಯುಷ್ಯದ ಲೆಕ್ಕವನ್ನು ನಾವು ಒಪ್ಪಿಸಲೇಬೇಕು. ನಮ್ಮ ಉದಾಸೀನದಿಂದ ಮಕ್ಕಳು ಕಳಕೊಂಡ ವರ್ಷಗಳೂ ಆ ಲೆಕ್ಕಕ್ಕೆ ಸೇರುತ್ತವೆ.